ಕೇಳುವ ಬೆಲೆ, ಬಾಳುವ ಬೆಲೆ

ಅಮೆರಿಕದ ಹಾಯಿದೋಣಿಗಳ ಮಾರುಕಟ್ಟೆಯಲ್ಲಿ ಕ್ಯಾಟಲಿನಾ 30 ಅತ್ಯಂತ ಪರಿಚಿತ ಹೆಸರುಗಳಲ್ಲೊಂದು. ಕ್ಯಾಲಿಫೋರ್ನಿಯಾದ ಫ್ರಾಂಕ್ ಬಟ್ಲರ್ ಅವರ ಕಂಪನಿ 1970ರ ದಶಕದ ನಡುವಿನಿಂದ ಸುಮಾರು ಮೂರು ದಶಕ ಈ ಫೈಬರ್‌ಗ್ಲಾಸ್ ದೋಣಿಯನ್ನು ಕಟ್ಟಿತು. ಆರು ಸಾವಿರಕ್ಕೂ ಹೆಚ್ಚು ನೀರಿಗಿಳಿದವು. ಒಂದೇ ಮಾದರಿಯ ಇಷ್ಟೊಂದು ದೋಣಿಗಳಿದ್ದ ಮೇಲೆ ಹಳೆಯದೊಂದರ ನ್ಯಾಯವಾದ ಬೆಲೆ ಥಟ್ಟನೆ ಗೊತ್ತಾಗಬೇಕಿತ್ತು. ಆದರೂ ಕೊಳ್ಳುವವರು ಪದೇಪದೇ ಎಡವುತ್ತಾರೆ. ಚಾಲ್ತಿಯಲ್ಲಿರುವ ಬೆಲೆ ಕಟ್ಟುವ ಕ್ರಮವೇ ಅವರನ್ನು ಎಡವಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಎಲ್ಲರೂ ಮೊದಲು ಮಾಡುವುದು ಜಾಹೀರಾತುಗಳ ಹೋಲಿಕೆ. ಅದೇ ಉದ್ದ, ಅದೇ ಇಸವಿಯ ನಾಲ್ಕಾರು ದೋಣಿಗಳನ್ನು ಹುಡುಕಿ ಸರಾಸರಿ ತೆಗೆಯುತ್ತಾರೆ. ಜಾಹೀರಾತಿನಲ್ಲಿರುವುದು ಮಾರುವವನ ಆಸೆ. ಕೊನೆಗೆ ಕೈಬದಲಾದ ಮೊತ್ತ ಹೆಚ್ಚಾಗಿ ದಲ್ಲಾಳಿಗಳ ದಾಖಲೆಯಲ್ಲೇ ಉಳಿಯುತ್ತದೆ. ಬಹುಕಾಲದಿಂದ ಬಿಕರಿಯಾಗದೆ ನಿಂತ ದೋಣಿಯೂ ಆ ಸರಾಸರಿಯಲ್ಲಿ ಸೇರಿಬಿಡುತ್ತದೆ. ಬಿಯುಸಿಯಂಥ ಬೆಲೆ ಕೈಪಿಡಿಗಳು ಇದಕ್ಕಿಂತ ಮೇಲು, ನಿಜ. ಆದರೆ ಅವು ಇಸವಿ ಮತ್ತು ಮಾದರಿಗೆ ಒಂದು ಅಂಕಿ ಕೊಟ್ಟು, ಉಳಿದದ್ದನ್ನೆಲ್ಲ ‘ಸ್ಥಿತಿ’ ಎಂಬ ಒಂದು ಅಂಕಣಕ್ಕೆ ಬಿಡುತ್ತವೆ. ಹಳೆಯ ದೋಣಿಯ ಬೆಲೆ ನಿರ್ಧಾರವಾಗುವುದೇ ಆ ಅಂಕಣದಲ್ಲಿ. ಚೆನ್ನಾಗಿ ನೋಡಿಕೊಂಡ 1979ರ ದೋಣಿ, ನಿರ್ಲಕ್ಷ್ಯಕ್ಕೊಳಗಾದ 1989ರದಕ್ಕಿಂತ ಹೆಚ್ಚು ಬಾಳುವುದು ಅಪರೂಪವೇನಲ್ಲ. ಫೈಬರ್‌ಗ್ಲಾಸ್ ಒಡಲು ಬೇಗ ಸಾಯುವುದಿಲ್ಲ. ಅದಕ್ಕೆ ಅಂಟಿಕೊಂಡಿರುವ ವಸ್ತುಗಳು ಸಾಯುತ್ತವೆ.

ಮೊದಲು ಹಾಯಿಕಂಬವನ್ನು ನಿಲ್ಲಿಸಿರುವ ಸ್ಟೀಲ್ ತಂತಿಗಳು. ಹತ್ತು ಹದಿನೈದು ವರ್ಷಕ್ಕೆ ಇವನ್ನು ಬದಲಿಸುವುದು ವಾಡಿಕೆ, ಎಷ್ಟೋ ವಿಮಾ ಕಂಪನಿಗಳು ಇವುಗಳ ವಯಸ್ಸನ್ನು ಕೇಳುತ್ತವೆ. ಹೊಳೆಯುವ ತಂತಿಯ ತುದಿಯ ಹಿಡಿಕೆಯೊಳಗೆ ಬಿರುಕು ಅಡಗಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಮುಂದಿನದು ಡೆಕ್. ಎರಡು ಪದರ ಫೈಬರ್‌ಗ್ಲಾಸ್ ನಡುವೆ ಮರ ಕೂರಿಸಿ ಕಟ್ಟಿದ ಡೆಕ್‌ಗಳಲ್ಲಿ, ಒಂದು ಬೋಲ್ಟಿನ ಸುತ್ತಲಿನ ಅಂಟು ಸತ್ತರೆ ಸಾಕು, ನೀರು ಒಳಗಿಳಿದು ವರ್ಷಗಟ್ಟಲೆ ಮರವನ್ನು ಕೊಳೆಸುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಡೆಕ್ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ದುರಸ್ತಿಯ ಕೂಲಿ ದೋಣಿಯ ಬೆಲೆಯನ್ನೇ ಮೀರಬಹುದು.

ಕೀಲ್, ಅಂದರೆ ದೋಣಿ ಮಗುಚದಂತೆ ಅಡಿಯಲ್ಲಿ ಬೋಲ್ಟು ಹಾಕಿ ತೂಗಿಸಿದ ಭಾರದ ಲೋಹದ ರೆಕ್ಕೆ, ಇನ್ನೂ ಗಂಭೀರ ವಿಷಯ. ಹಳೆಯ ಕ್ಯಾಟಲಿನಾ 30ರಲ್ಲಿ ಒಡಲೂ ಕೀಲೂ ಕೂಡುವಲ್ಲಿ, ಮುಂಭಾಗದಲ್ಲಿ ಬಿರುಕೊಂದು ಬಾಯಿ ಬಿಡುತ್ತದೆ. ಇದನ್ನು ಅಲ್ಲಿನವರು ‘ಕ್ಯಾಟಲಿನಾ ಸ್ಮೈಲ್’ ಎನ್ನುತ್ತಾರೆ. ಕೆಲವು ಸಲ ಬೋಲ್ಟು ಬಿಗಿಮಾಡಿ ಬಿರುಕು ಮುಚ್ಚಿದರೆ ಮುಗಿಯಿತು. ಕೆಲವು ಸಲ ಒಳಗಿನ ಪ್ಲೈವುಡ್ ನೆನೆದು ಮೆತ್ತಗಾಗಿರುತ್ತದೆ. ಇದು ಬರಿಯ ದುಡ್ಡಿನ ಪ್ರಶ್ನೆಯಲ್ಲ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್‌ನಲ್ಲಿ ‘ಚೀಕಿ ರಫೀಕಿ’ ಎಂಬ ಬೇರೊಂದು ಮಾದರಿಯ ಹಾಯಿದೋಣಿಯ ಕೀಲ್ ಕಳಚಿ ನಾಲ್ವರು ಪ್ರಾಣ ಕಳೆದುಕೊಂಡರು. ಹಿಂದೆ ನೆಲಕ್ಕೆ ತಗುಲಿದ್ದೂ ಆಮೇಲಿನ ದುರಸ್ತಿಗಳೂ ಅದರ ತಳವನ್ನು ಸಡಿಲಿಸಿರಬಹುದೆಂದು ಬ್ರಿಟನ್ನಿನ ತನಿಖೆ ಹೇಳಿತು. ‘ಈ ದೋಣಿ ಯಾವಾಗಲಾದರೂ ನೆಲಕ್ಕೆ ಬಡಿದಿತ್ತೇ?’ ಎಂಬ ಪ್ರಶ್ನೆಗೆ ಯಾವ ಕೈಪಿಡಿಯಲ್ಲೂ ಅಂಕಣವಿಲ್ಲ.

ಎಂಜಿನ್ ವಿಚಾರ ಸರಳ. ಆರಂಭದ ಎಷ್ಟೋ ಕ್ಯಾಟಲಿನಾಗಳಲ್ಲಿದ್ದದ್ದು ಆಟಮಿಕ್ ಫೋರ್ ಎಂಬ ಪೆಟ್ರೋಲ್ ಎಂಜಿನ್. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತರೆ ಒಂದು ಕಿಡಿ ಸಾಕು. ಆದ್ದರಿಂದ ಡೀಸೆಲ್ ಇದ್ದದ್ದಕ್ಕೆ ಹೆಚ್ಚು ಕೊಡುವುದು ನ್ಯಾಯವೇ. ಹೊಸ ಡೀಸೆಲ್ ಕೂರಿಸುವ ಖರ್ಚು ಹತ್ತು ಸಾವಿರ ಡಾಲರನ್ನು ಸುಲಭವಾಗಿ ದಾಟುತ್ತದೆ.

ಹಾಗಾದರೆ ಸರಿಯಾದ ಲೆಕ್ಕ ಯಾವುದು? ಎಲ್ಲವೂ ಸರಿಯಿರುವ, ನಾಳೆಯೇ ಹೊರಡಬಲ್ಲ ಅದೇ ಮಾದರಿಗೆ 20,000 ಡಾಲರ್ ಎಂದಿಟ್ಟುಕೊಳ್ಳಿ. ತಂತಿಗಳಿಗೆ 6,000, ಹಾಯಿಗಳಿಗೆ 4,000, ಡೆಕ್ಕಿನ ಕೆಲಸಕ್ಕೆ 5,000 ಬೇಕಾದರೆ ಉಳಿಯುವುದು ಐದೇ ಸಾವಿರ. ಮಾರುವವನು 15,000 ಕೇಳುತ್ತಿದ್ದರೆ ಅವನು ವಂಚಕನೆಂದಲ್ಲ. ಹೊಸ ಮೆತ್ತೆ, ಹೊಸ ಜಿಪಿಎಸ್ ಎಂದು ತಾನು ಸುರಿದ ದುಡ್ಡನ್ನು ಅವನು ಬೆಲೆಗೆ ಸೇರಿಸಿದ್ದಾನೆ. ಆ ದುಡ್ಡು ಹಿಂದಿರುಗುವುದಿಲ್ಲ.

ಈ ಲೆಕ್ಕಕ್ಕೆ ಅಂಕಿಗಳನ್ನು ಕೊಡಬಲ್ಲವನು ಸರ್ವೆಯರ್. ದೋಣಿಯನ್ನು ನೀರಿನಿಂದ ಎತ್ತಿಸಿ, ತಟ್ಟಿ, ತೇವಮಾಪಕ ಇಟ್ಟು ನೋಡುವ ಅವನ ಕೆಲಸ, ದನದ ಜಾತ್ರೆಯಲ್ಲಿ ಬಾಯಿ ತೆರೆಸಿ ಹಲ್ಲು ನೋಡುವವನ ಕೆಲಸದಂತೆ ಅನುಭವದ್ದು. ಇದ್ದ ಕ್ರಮಗಳಲ್ಲಿ ಇದೇ ಅತ್ಯುತ್ತಮ. ಇದರಲ್ಲೂ ಒಂದು ದೊಡ್ಡ ಕೊರತೆ ಇದೆ. ಸರ್ವೆಯರನ ಹೆಸರು ಸೂಚಿಸುವವನು ಎಷ್ಟೋ ಸಲ ದಲ್ಲಾಳಿ. ಸಾಮಾನ್ಯವಾಗಿ ಬೆಲೆಯ ಹತ್ತರಲ್ಲೊಂದು ಪಾಲು ಪಡೆಯುವ ಅವನಿಗೆ ವ್ಯಾಪಾರ ಕುದುರುವುದು ಮುಖ್ಯ. ಒಪ್ಪಿದ ಮೊತ್ತ ಗೊತ್ತಿದ್ದ ಸರ್ವೆಯರ್ ‘ಮಾರುಕಟ್ಟೆ ಮೌಲ್ಯ’ ಬರೆಯುವಾಗ ಆ ಮೊತ್ತದ ಹತ್ತಿರವೇ ನಿಲ್ಲುವ ಒತ್ತಡಕ್ಕೆ ಒಳಗಾಗುತ್ತಾನೆ. ವರದಿ ಬ್ಯಾಂಕಿಗೂ ವಿಮೆಗೂ ಸಲ್ಲುತ್ತದೆ, ಕೊಳ್ಳುವವನಿಗೆ ಮಾತ್ರ ಹೊಸದೇನೂ ತಿಳಿಯುವುದಿಲ್ಲ. ದೋಷಗಳ ಪಟ್ಟಿಯನ್ನು ನಂಬಿ. ಕೊನೆಯ ಪುಟದ ಅಂಕಿಯನ್ನು ಬದಿಗಿಡಿ.

ದೋಣಿಯ ಬೆಲೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಒಪ್ಪುವುದಿಲ್ಲ. ನಿಲುಗಡೆಯ ಬಾಡಿಗೆ, ವಿಮೆ, ಕೌಂಟಿಯ ತೆರಿಗೆ ತಿಂಗಳು ತಿಂಗಳೂ ವರ್ಷ ವರ್ಷವೂ ಬರುತ್ತಲೇ ಇರುತ್ತವೆ. ಬೇಡವಾದ ದೋಣಿಗಳನ್ನು ಒಪ್ಪಿಸಲು ಕ್ಯಾಲಿಫೋರ್ನಿಯಾ ಸರ್ಕಾರವೇ ಒಂದು ಯೋಜನೆ ನಡೆಸುತ್ತಿದೆ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿ ಹಾಯಿಯ ಆಸೆ ಹತ್ತಿದ ಕನ್ನಡಿಗರು ಗಮನಿಸಬೇಕಾದ್ದು ಇಷ್ಟು: ಸರ್ವೆಯರನನ್ನು ನೀವೇ ಆರಿಸಿ, ನೀವೇ ಹಣ ಕೊಡಿ, ಬೆಲೆ ಎಷ್ಟಕ್ಕೆ ಕುದುರಿದೆ ಎಂದು ಅವನಿಗೆ ಹೇಳಬೇಡಿ. ಡೆಕ್ ಕೊಳೆತು ಎಂಜಿನ್ ಸತ್ತ ದೋಣಿಯನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ.