ಹಣೆಪಟ್ಟಿಗೆ ಬಲಿಯಾದ ಹಾಡುಗಳು

ಸರಕಾರಿ ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಡತದೊಳಗಿನ ಕಾಗದ ಎಷ್ಟೇ ಮುಖ್ಯವಾಗಿರಲಿ, ಮೇಲೆ ಬರೆದ ವಿಷಯ ತಪ್ಪಾದರೆ ಅದು ಬೇರೆ ವಿಭಾಗಕ್ಕೆ ಹೋಗಿ ಕೂರುತ್ತದೆ. ಆಮೇಲೆ ಅದನ್ನು ಕೇಳುವವರಿಲ್ಲ. ಸಂಗೀತದಲ್ಲೂ ಹೀಗಾಗುವುದುಂಟು. ಅಮೆರಿಕದ ‘ಎನಫ್ ಜ್‌ನಫ್’ ಎಂಬ ರಾಕ್ ತಂಡದ ಧ್ವನಿಮುದ್ರಿಕೆಗಳನ್ನು ಮೊದಲಿನಿಂದ ಕೇಳುತ್ತ ಬಂದಾಗ ನಮಗೆ ಈ ಮಾತು ಮತ್ತೆ ಮತ್ತೆ ನೆನಪಾಯಿತು.

“ಮನೆಯಲ್ಲಿ ಮಕ್ಕಳು ಹಾಕುವ ಗದ್ದಲ ಸಾಲದೆಂದು ಈ ಪತ್ರಿಕೆಯಲ್ಲೂ ಅದೇ ಬೇಕೆ?” ಎಂದು ಹಿರಿಯ ವಾಚಕರು ಕೇಳಬಹುದು. ನಾವೂ ಬಹುಕಾಲ ಹಾಗೆಯೇ ಅಂದುಕೊಂಡವರು. ನಮ್ಮ ವಿನಂತಿ ಇಷ್ಟೆ: ಚಿತ್ರ ನೋಡಬೇಡಿ, ಹಾಡು ಮಾತ್ರ ಕೇಳಿ.

ಶಿಕಾಗೋ ನಗರದ ಅಂಚಿನಲ್ಲಿ ಬ್ಲೂ ಐಲೆಂಡ್ ಎಂಬ ಸಣ್ಣ ಊರಿದೆ. ಈ ತಂಡ ಬೆಳೆದದ್ದು ಅಲ್ಲಿ, 1984ರ ಸುಮಾರಿಗೆ. ‘ಸಾಕೆಂದರೆ ಸಾಕು’ ಎನ್ನುವ ಅರ್ಥದ ಹೆಸರನ್ನು ಅಕ್ಷರ ತಿರುಚಿ ಇಟ್ಟುಕೊಂಡರು. ಹಾಡುಗಾರ ಡಾನಿ ವೀ, ಬೇಸ್ ಗಿಟಾರಿನ ಚಿಪ್ ಜ್‌ನಫ್ ಇಬ್ಬರೇ ಹೆಚ್ಚಿನ ಹಾಡುಗಳನ್ನು ಕಟ್ಟಿದವರು. ಗಿಟಾರ್ ವಾದಕ ಡೆರೆಕ್ ಫ್ರಿಗೋ, ಜಾಝ್ ಪಿಟೀಲಿನಲ್ಲಿ ಹೆಸರುವಾಸಿಯಾಗಿದ್ದ ಜಾನಿ ಫ್ರಿಗೋ ಅವರ ಮಗ. ಸಂಗೀತ ಅವನಿಗೆ ಮನೆಯಲ್ಲೇ ದೊರೆತ ವಿದ್ಯೆ.

1989ರಲ್ಲಿ ಆಟ್ಕೋ ಕಂಪನಿ ಇವರ ಮೊದಲ ಆಲ್ಬಂ ಹೊರತಂದಿತು. ಅದು ಗ್ಲಾಮ್ ಮೆಟಲ್ ಎಂಬ ಪ್ರಕಾರದ ಸುಗ್ಗಿಯ ಕಾಲ. ಗಂಡಸರು ತುಟಿಗೆ ಬಣ್ಣ ಹಚ್ಚಿ, ಕೂದಲು ಎಬ್ಬಿಸಿ, ಮಿರುಗುವ ಉಡುಪು ತೊಟ್ಟು ಟೆಲಿವಿಷನ್ನಿನಲ್ಲಿ ಕುಣಿದರೆ ತಟ್ಟೆಗಳು ಖರ್ಚಾಗುತ್ತಿದ್ದವು. ಇವರಿಗೂ ಅದೇ ವೇಷ ಬಂತು. ‘ನ್ಯೂ ಥಿಂಗ್’, ‘ಫ್ಲೈ ಹೈ ಮಿಶೆಲ್’ ಎಂಬ ಎರಡು ಹಾಡುಗಳ ಚಿತ್ರಗಳು ಎಂಟಿವಿಯಲ್ಲಿ ಮೂಡಿಬಂದವು. ಎರಡನೆಯದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 47ನೇ ಸ್ಥಾನ ಮುಟ್ಟಿತು. ಆಲ್ಬಂ 74ನೇ ಸ್ಥಾನಕ್ಕೆ ಏರಿತು. ತಂಡದ ಭಾಗ್ಯ ಇದಕ್ಕಿಂತ ಮೇಲೇರಲಿಲ್ಲ.

ಆದರೆ ಆ ವೇಷದೊಳಗೆ ಇದ್ದದ್ದೇನು? ಬೀಟಲ್ಸ್ ಮನೆತನದ ಸಂಗೀತ. ಚಿಕ್ಕದಾದ, ಬಾಯಲ್ಲಿ ನಿಲ್ಲುವ ಧಾಟಿ. ಒಂದರ ಮೇಲೊಂದು ಕೂಡುವ ಕಂಠಗಳು. ಅದರ ಬೆನ್ನಿಗೆ ಗಡುಸಾದ ಗಿಟಾರು. ಇದನ್ನು ಪವರ್ ಪಾಪ್ ಎನ್ನುತ್ತಾರೆ. ಬ್ರಿಟನ್ನಿನ ಬ್ಯಾಡ್‌ಫಿಂಗರ್, ಇದೇ ಇಲಿನಾಯ್ ರಾಜ್ಯದ ಚೀಪ್ ಟ್ರಿಕ್ ತಂಡಗಳು ನಡೆದ ದಾರಿ ಅದು. ‘ಫ್ಲೈ ಹೈ ಮಿಶೆಲ್’ ಅಗಲಿದ ಹುಡುಗಿಯೊಬ್ಬಳಿಗೆ ಹೇಳುವ ವಿದಾಯ. ವೀ ಅವನ ತುಸು ಒರಟಾದ ಕಂಠ ಜಾನ್ ಲೆನನ್ನನನ್ನು ನೆನಪಿಗೆ ತರುತ್ತದೆ. ದುಃಖವನ್ನು ಅವನು ಕೂಗಿ ಹೇಳುವುದಿಲ್ಲ. ಪಲ್ಲವಿಯಲ್ಲಿ ಉಳಿದ ಕಂಠಗಳು ಬಂದು ಅವನನ್ನು ಎತ್ತಿ ಹಿಡಿಯುತ್ತವೆ.

ನಮ್ಮ ದೃಷ್ಟಿಯಲ್ಲಿ ಇವರ ಅತ್ಯುತ್ತಮ ಕೃತಿ 1991ರ ‘ಸ್ಟ್ರೆಂತ್’. ಮೊದಲ ಆಲ್ಬಮ್ಮಿನ ಹೊಳಪು ಇಲ್ಲಿ ಕಡಿಮೆ, ನೆರಳು ಹೆಚ್ಚು. ‘ಮದರ್ಸ್ ಐಸ್’, ‘ದ ವರ್ಲ್ಡ್ ಈಸ್ ಎ ಗಟರ್’ ಮೊದಲಾದ ಹಾಡುಗಳನ್ನು ಹುಡುಗಾಟದ ಪಾರ್ಟಿ ಹಾಡುಗಳ ಸಾಲಿಗೆ ಸೇರಿಸುವುದು ಅನ್ಯಾಯ. ಧಾಟಿ ಸಿಹಿ, ಮಾತು ಕಹಿ. ಈ ಎರಡರ ಜಗ್ಗಾಟವೇ ಇದರ ಸೊಗಸು. ಹೀಗಿದ್ದೂ ಅದು 143ನೇ ಸ್ಥಾನಕ್ಕೆ ನಿಂತಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಬಂದು ರಾಕ್ ಪೇಟೆಯ ಗಾಳಿಯನ್ನೇ ತಿರುಗಿಸಿತು. ಬಣ್ಣದ ವೇಷದವರೆಲ್ಲ ಒಂದೇ ಏಟಿಗೆ ಹಳಬರಾದರು. 1993ರಲ್ಲಿ ಅರಿಸ್ಟಾ ಕಂಪನಿ ‘ಅನಿಮಲ್ಸ್ ವಿತ್ ಹ್ಯೂಮನ್ ಇಂಟೆಲಿಜೆನ್ಸ್’ ತಂದಾಗ ಅದರ ‘ರೈಟ್ ಬೈ ಯುವರ್ ಸೈಡ್’ ಹಾಡಿಗೆ ಕಿವಿಗೊಡುವವರು ವಿರಳರಾಗಿದ್ದರು.

ಎಲ್ಲ ತಪ್ಪನ್ನೂ ಪೇಟೆಯ ಮೇಲೆ ಹೊರಿಸಲಾರೆವು. ವ್ಯಸನಗಳು ತಂಡವನ್ನು ಒಳಗಿನಿಂದ ತಿಂದವು. ಡ್ರಮ್ ವಾದಕ ವಿಕಿ ಫಾಕ್ಸ್ ವಿನ್ಸ್ ನೀಲ್‌ನ ತಂಡ ಸೇರಿದ. ಫ್ರಿಗೋ ಕೂಡ ಹೊರನಡೆದ. ಅನಂತರ ಸಣ್ಣ ಕಂಪನಿಗಳಿಂದ ಆಲ್ಬಮ್ಮುಗಳು ಬಂದವು, ಬರುತ್ತಲೇ ಹೋದವು: 1995ರ ‘ಟ್ವೀಕ್ಡ್’, 1996ರ ‘ಪೀಚ್ ಫಜ್’, 1997ರ ‘ಸೆವೆನ್’, 1999ರ ‘ಪ್ಯಾರಾಫರ್ನೇಲಿಯಾ’. ಹಳೆಯ ಕಚ್ಚಾ ಮುದ್ರಣಗಳೂ ಹೊಸ ಹೊದಿಕೆಯಲ್ಲಿ ಪೇಟೆಗೆ ಬಂದವು. ಕಾಳು ಜೊಳ್ಳು ಬೇರ್ಪಡಿಸುವ ಕೆಲಸ ಕೇಳುಗನ ಪಾಲಿಗೇ ಬಿತ್ತು. ಯಾರಾದರೂ ಗಟ್ಟಿಯಾದ ಸಂಪಾದಕರು ಇದ್ದಿದ್ದರೆ ಇವರ ಹೆಸರು ಇನ್ನಷ್ಟು ಬೆಳಗುತ್ತಿತ್ತು ಎಂಬುದು ನಮ್ಮ ನಂಬಿಕೆ.

ಫ್ರಿಗೋ 2004ರಲ್ಲಿ ತೀರಿಕೊಂಡ. ಫಾಕ್ಸ್‌ನ ಜಾಗಕ್ಕೆ ಬಂದ ರಿಕಿ ಪೇರೆಂಟ್ 2007ರಲ್ಲಿ ಕ್ಯಾನ್ಸರಿಗೆ ತುತ್ತಾದ. ಬಿಟ್ಟು ಹೋಗಿ, ಮರಳಿ ಬಂದು, ವೀ ಕೊನೆಗೆ 2013ರಲ್ಲಿ ತಂಡದಿಂದ ದೂರವಾದ. ಚಿಪ್ ಮಾತ್ರ ಹೆಸರನ್ನು ಬಿಡಲಿಲ್ಲ. 2018ರ ‘ಡೈಮಂಡ್ ಬಾಯ್’ನಲ್ಲಿ ತಾನೇ ಮುಖ್ಯ ಗಾಯಕನಾದ. 2021ರಲ್ಲಿ ಬೀಟಲ್ಸ್ ಹಾಡುಗಳನ್ನೇ ‘ಹಾರ್ಡ್‌ರಾಕ್ ನೈಟ್’ ಎಂಬ ಹೆಸರಿನಲ್ಲಿ ಹಾಡಿ ಮುದ್ರಿಸಿದ. ವೀಯ ಕಂಠದ ಎತ್ತರ ಅವನಿಗಿಲ್ಲ, ನಿಜ. ಆದರೆ ತಾವು ಯಾವ ಮನೆಯವರೆಂದು ಮೂವತ್ತು ವರ್ಷಗಳ ಮೇಲೆ ಅವನು ಹೇಳಿಕೊಂಡ ರೀತಿ ಇದು ಎಂದು ನಾವು ತಿಳಿಯುತ್ತೇವೆ.

ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರನ್ನು ನೆರೆಯವರು ‘ಮದ್ರಾಸಿ’ ಎಂಬ ಒಂದೇ ಪಟ್ಟಿಯ ಕೆಳಗೆ ಕೂಡಿಸಿದ್ದುಂಟು. ಆಗ ನಮಗಾದ ಕಸಿವಿಸಿ ನೆನಪಿದ್ದವರು, ಮಕ್ಕಳು ಕೇಳುವ ಹಾಡಿಗೆ ‘ಗದ್ದಲ’ ಎಂಬ ಪಟ್ಟಿ ಅಂಟಿಸುವ ಮುನ್ನ ಐದು ನಿಮಿಷ ಪಕ್ಕದಲ್ಲಿ ಕುಳಿತು ಕೇಳಲಿ. ‘ಸ್ಟ್ರೆಂತ್’ನಿಂದ ಆರಂಭಿಸಿದರೆ ಒಳ್ಳೆಯದು.