ಹೊರಟೆ ಅಂತ ಹೇಳಿದ್ದೇ ತಪ್ಪಾಯ್ತಾ?

ಸ್ಟುಟ್‌ಗಾರ್ಟ್‌ನಲ್ಲಿ ರಾತ್ರಿ ಎಂಟೂವರೆ. ಊರಲ್ಲಿ ಆಗ ನಡುರಾತ್ರಿ. ದಾವಣಗೆರೆಯ ಆಸ್ಪತ್ರೆಯಿಂದ ತಂಗಿ ಫೋನ್ ಮಾಡಿದ್ಲು. "ಅಣ್ಣಾ, ಅಪ್ಪನ್ನ ಐಸಿಯುಗೆ ಹಾಕಿದಾರೆ. ಎಂಬತ್ತು ಸಾವಿರ ಅಡ್ವಾನ್ಸ್ ಕಟ್ಟಿ ಅಂತಿದಾರೆ." ಅವಳಿನ್ನೂ ಓದ್ತಿದಾಳೆ. ಅಪ್ಪನ ಖಾತೆಯ ಪಿನ್ ಅಪ್ಪನಿಗೆ ಮಾತ್ರ ಗೊತ್ತು. ನನ್ನ ಖಾತೆಯಲ್ಲಿ ನಾಲ್ಕು ಲಕ್ಷ ಇತ್ತು. ಯುಪಿಐ ತೆರೆದೆ, ಆಗಲ್ಲ ಅಂತು. ನೆಟ್ ಬ್ಯಾಂಕಿಂಗ್, ಅದೂ ಆಗಲ್ಲ. ಜರ್ಮನಿಯ ಖಾತೆಯಿಂದ ಕಳಿಸೋಣ ಅಂದ್ರೆ, ಆ ಸೇವೆಯವರು ಮೊದಲ ಸಲ ಕಳಿಸ್ತಿರೋದಲ್ವಾ, ಗುರುತಿನ ಪರಿಶೀಲನೆ ಆಗೋವರೆಗೆ ಕಾಯಿರಿ ಅಂದ್ರು.

ನನ್ನ ಊರಿನ ಖಾತೆ ಯಾಕೆ ಬಂದ್ ಆಗಿತ್ತು? ಮೂರು ವಾರದ ಹಿಂದೆ ನಾನು ಬ್ಯಾಂಕಿಗೆ ಒಂದು ನಿಜ ಹೇಳಿದ್ದೆ. ಕೆಲಸಕ್ಕೆ ಅಂತ ಜರ್ಮನಿಗೆ ಬಂದಿದೀನಿ, ನನ್ನ ಉಳಿತಾಯ ಖಾತೆಯನ್ನ ಎನ್‌ಆರ್‌ಒ ಮಾಡಿಕೊಡಿ ಅಂತ. ಅರ್ಜಿ "ಪ್ರಕ್ರಿಯೆಯಲ್ಲಿ" ಇತ್ತು.

ಆ ರಾತ್ರಿ ದುಡ್ಡು ಕಟ್ಟಿದ್ದು ನನ್ನ ರೂಮ್‌ಮೇಟ್, ಪುತ್ತೂರಿನವನು. ಎರಡು ನಿಮಿಷ ಸಾಕಾಯ್ತು ಅವನಿಗೆ. ನನಗಿಂತ ಒಂದು ವರ್ಷ ಮೊದಲು ಬಂದವನು ಅವನು. ಆದ್ರೆ ಅವನ ಬ್ಯಾಂಕಿನ ಪ್ರಕಾರ ಅವನಿನ್ನೂ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲೇ ಇದಾನೆ. ಯಾರಿಗೂ ಏನೂ ಹೇಳಿರಲಿಲ್ಲ ಪುಣ್ಯಾತ್ಮ.

ಕಾನೂನು ಗೊಂದಲದ್ದೇನಲ್ಲ. ವಿದೇಶದಲ್ಲಿದ್ದು 182 ದಿನ ಆದ್ಮೇಲೆ ನೋಡಿಕೊಂಡ್ರೆ ಆಯ್ತು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಆ ಲೆಕ್ಕ ಆದಾಯ ತೆರಿಗೆಯದ್ದು. ಬ್ಯಾಂಕ್ ಖಾತೆಗೆ ಅನ್ವಯಿಸೋದು 1999ರ ಫೆಮಾ ಕಾಯ್ದೆ. ನೀವು ಉದ್ಯೋಗಕ್ಕೆ ಅಂತ ಹೊರಟಿದ್ರೆ, ವಿಮಾನ ಹತ್ತಿದಲ್ಲಿಂದಲೇ ನೀವು ಅನಿವಾಸಿ. ಹಳೇ ಉಳಿತಾಯ ಖಾತೆ ಎನ್‌ಆರ್‌ಒ ಆಗಬೇಕು. ಊರಿನ ಬಾಡಿಗೆ, ಬಡ್ಡಿ, ಎಲ್ಲ ಅದಕ್ಕೆ ಬರಬೇಕು. ವಿದೇಶದ ಸಂಬಳ ಕಳಿಸೋಕೆ ಬೇರೆ ಎನ್‌ಆರ್‌ಇ ಖಾತೆ. ಮಾಡದೇ ಇದ್ರೆ, ತಪ್ಪಿನ ಮೊತ್ತ ಲೆಕ್ಕಕ್ಕೆ ಸಿಗೋ ಕಡೆ ಅದರ ಮೂರು ಪಟ್ಟಿನವರೆಗೆ ದಂಡ ಹಾಕೋಕೆ ಅವಕಾಶ ಇದೆ. ನನ್ನ ಪರಿಚಯದವರಲ್ಲಿ ಯಾರಿಗೂ ಹಾಕಿಲ್ಲ, ಅದು ಬೇರೆ ಮಾತು.

ನನ್ನ ತಕರಾರು ಈ ನಿಯಮದ ಬಗ್ಗೆ ಅಲ್ಲ. ದೇಶದೊಳಗಿನ ದುಡ್ಡು ಯಾವುದು, ಹೊರಗಿನಿಂದ ಬಂದಿದ್ದು ಯಾವುದು ಅಂತ ಬೇರೆ ಬೇರೆ ಇಟ್ಟುಕೊಳ್ಳೋದ್ರಲ್ಲಿ ಅರ್ಥ ಇದೆ. ಎನ್‌ಆರ್‌ಇಯಲ್ಲಿರೋ ದುಡ್ಡನ್ನ ಯಾವಾಗ ಬೇಕಾದ್ರೂ ವಾಪಸ್ ಹೊರಗೆ ಒಯ್ಯಬಹುದು. ಎನ್‌ಆರ್‌ಒದಿಂದಲೂ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಒಯ್ಯಬಹುದು, ಕಾಗದಪತ್ರ ಸರಿ ಇದ್ರೆ. ನಮ್ಮಂಥವರಿಗೆ ಆ ಮಿತಿ ಮುಟ್ಟೋ ಯೋಗವಂತೂ ಸದ್ಯಕ್ಕಿಲ್ಲ!

ನನ್ನ ತಕರಾರು ಇಷ್ಟೇ: ನಿಯಮ ಪಾಲಿಸಿದವನಿಗೆ ಪ್ರತಿ ಹೆಜ್ಜೆಗೂ ಏಟು, ಪಾಲಿಸದವನಿಗೆ ಏನೂ ಇಲ್ಲ. ಉಳಿತಾಯ ಖಾತೆಯ ಬಡ್ಡಿಗೆ ನನ್ನ ರೂಮ್‌ಮೇಟ್‌ಗೆ ಮೂಲದಲ್ಲಿ ತೆರಿಗೆ ಕಡಿತ ಇಲ್ಲ. ನನ್ನ ಎನ್‌ಆರ್‌ಒ ಬಡ್ಡಿಯಲ್ಲಿ ಮೊದಲ ರೂಪಾಯಿಯಿಂದಲೇ 30% ಕಡಿತ, ಮೇಲೆ ಸೆಸ್. ರಿಟರ್ನ್ ಸಲ್ಲಿಸಿ ವಾಪಸ್ ಕೇಳಬಹುದು, ನಿಜ. ಆದ್ರೆ ಓಡಾಡೋನು ನಾನೇ ತಾನೇ? ಯುಪಿಐ ಕಥೆ ಇನ್ನೂ ಚೆಂದ. ವಿದೇಶದ ಮೊಬೈಲ್ ನಂಬರ್ ಇಟ್ಟುಕೊಂಡು ಎನ್‌ಆರ್‌ಒ, ಎನ್‌ಆರ್‌ಇ ಖಾತೆಯಿಂದ ಯುಪಿಐ ಬಳಸೋಕೆ 2023ರ ಜನವರಿಯಲ್ಲಿ ಅನುಮತಿ ಕೊಟ್ಟಾಗ ಪಟ್ಟಿಯಲ್ಲಿದ್ದಿದ್ದು 10 ದೇಶ. ಅದರಲ್ಲಿ ಜರ್ಮನಿ ಇರಲಿಲ್ಲ. ಹಾಗಾಗಿ ಒಟಿಪಿಗೋಸ್ಕರ ಊರಿನ ಸಿಮ್‌ಗೆ ರೀಚಾರ್ಜ್ ಮಾಡಿಸ್ತಾ, ಹಳೇ ಫೋನೊಂದನ್ನ ಚಾರ್ಜಿಗೆ ಹಾಕಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದೀನಿ. ಅಲ್ಲೇ ಸಿಗ್ನಲ್ ಚೆನ್ನಾಗಿ ಬರೋದು.

ಮತ್ತೆ ಆ ಅರ್ಜಿ. ಬೆಂಗಳೂರಲ್ಲಿದ್ದಾಗ ಐದು ನಿಮಿಷದಲ್ಲಿ ವಿಡಿಯೊ ಕಾಲ್‌ನಲ್ಲೇ ಖಾತೆ ತೆರೆದುಕೊಟ್ಟ ಅದೇ ಬ್ಯಾಂಕು, ಈಗ ಪೆನ್ನಿನಲ್ಲಿ ಸಹಿ ಮಾಡಿದ ಹಾಳೆ, ಪಾಸ್‌ಪೋರ್ಟ್ ಮತ್ತು ವೀಸಾದ ದೃಢೀಕೃತ ನಕಲು, ಇಲ್ಲಿನ ವಿಳಾಸದ ಪುರಾವೆ, ಎಲ್ಲ ಕೊರಿಯರ್ ಮಾಡಿ ಅಂತು. ವಿಳಾಸದ ಪುರಾವೆ ಜರ್ಮನ್ ಭಾಷೆಯಲ್ಲಿದೆ ಅಂತ ಒಂದು ಸಲ ವಾಪಸ್ ಬಂತು. ಸಹಿ ಹೊಂದಿಕೆ ಆಗ್ತಿಲ್ಲ ಅಂತ ಇನ್ನೊಂದು ಸಲ. ಇಪ್ಪತ್ತೆರಡನೇ ವಯಸ್ಸಲ್ಲಿ ಮಾಡಿದ ಸಹಿ ಯಾರಿಗೆ ನೆನಪಿರುತ್ತೆ ಸ್ವಾಮಿ? ಇದೆಲ್ಲ ನಡೀವಾಗ ಖಾತೆಯಿಂದ ದುಡ್ಡು ಹೊರಗೆ ಹೋಗೋದನ್ನ ತಡೆಹಿಡಿದಿದೀವಿ ಅಂತ ಯಾರೂ ಒಂದು ಮೆಸೇಜೂ ಕಳಿಸಿರಲಿಲ್ಲ.

ಹೊರಡೋ ಮುಂಚೆಯೇ, ಇಂಥ ತಾರೀಖಿಂದ ನಾನು ಅನಿವಾಸಿ ಅಂತ ಬರೆದುಕೊಟ್ಟು, ಆ ದಿನ ಖಾತೆ ತಾನಾಗಿ ಬದಲಾಗೋ ಹಾಗೆ ಮಾಡೋದು ಅಷ್ಟು ಕಷ್ಟನಾ? ಆಫರ್ ಲೆಟರ್ ಇರುತ್ತೆ, ವೀಸಾ ಇರುತ್ತೆ, ಟಿಕೆಟ್ ಇರುತ್ತೆ, ಸಹಿ ಮಾಡೋಕೆ ಮನುಷ್ಯ ಕಣ್ಣೆದುರಿಗೇ ಇರ್ತಾನೆ. ನನ್ನ ಶಾಖೆಯಲ್ಲಿ ಕೇಳಿದ್ದಕ್ಕೆ, "ಹೋದ್ಮೇಲೆ ಮಾಡಿಸಿ ಸರ್, ಈಗ ಆಗಲ್ಲ" ಅಂದಿದ್ರು.

ಕೌಂಟರ್‌ನಲ್ಲಿ ಹೇಳದೇ ಹೋದ ಇನ್ನೂ ಎರಡು ವಿಷಯ ಇವೆ. ಅಪ್ಪನೋ ಅಮ್ಮನೋ ಮೊದಲ ಖಾತೆದಾರರಾಗಿರೋ ಅವರ ಸಾಮಾನ್ಯ ಖಾತೆಗೆ, ಅನಿವಾಸಿ ಮಗನನ್ನೋ ಮಗಳನ್ನೋ ಜಂಟಿಯಾಗಿ ಸೇರಿಸಬಹುದು. ಇಬ್ಬರಲ್ಲಿ ಯಾರಾದರೂ ನಡೆಸೋ ಥರವೇ ಮಾಡಿಸಬಹುದು. ಖಾತೆ ಅವರ ಅನುಕೂಲಕ್ಕೆ ಅಂತ ಇರಬೇಕು, ಅಷ್ಟೇ. ನಿಮ್ಮ ಎನ್‌ಆರ್‌ಒ ಖಾತೆಯಿಂದ ಸ್ಥಳೀಯ ಪಾವತಿ ಮಾಡೋಕೆ ಊರಲ್ಲಿರೋ ಒಬ್ಬರಿಗೆ ಅಧಿಕಾರಪತ್ರವನ್ನೂ ಕೊಡಬಹುದು. ಇವೆರಡರಲ್ಲಿ ಒಂದಿದ್ದಿದ್ರೂ ಆ ರಾತ್ರಿ ತಂಗಿ ಐಸಿಯು ಬಾಗಿಲಲ್ಲಿ ಹಾಗೆ ನಿಲ್ತಿರಲಿಲ್ಲ.

ನಿಜ ಹೇಳದಿರೋದು ನಾವು ಮಾತ್ರ ಅಲ್ಲ ಅನ್ನಿ. "ಶೂನ್ಯ ಶುಲ್ಕ" ಅಂತ ಜಾಹೀರಾತು ಕೊಡೋ ಹಣ ರವಾನೆಯವರ ವಿನಿಮಯ ದರ ನೋಡಿ. ಮಾರುಕಟ್ಟೆಯ ಮಧ್ಯದ ದರ ಯೂರೋಗೆ 90 ರೂಪಾಯಿ ಇದೆ ಅಂತಿಟ್ಕೊಳ್ಳಿ, ಅವರು ಕೊಡೋದು 88.20 ಅಂತಿಟ್ಕೊಳ್ಳಿ. 2000 ಯೂರೋ ಕಳಿಸಿದ್ರೆ 3600 ರೂಪಾಯಿ ಅಲ್ಲೇ ಹೋಯ್ತು. ಶುಲ್ಕ ಮಾತ್ರ ಶೂನ್ಯ. ಎನ್‌ಆರ್‌ಇ ಬಡ್ಡಿ "ತೆರಿಗೆಮುಕ್ತ" ಅನ್ನೋದೂ ಇದೇ ಜಾತಿ. ಮುಕ್ತ ಆಗಿರೋದು ಭಾರತದಲ್ಲಿ. ನೀವಿರೋ ದೇಶ ಅದನ್ನ ಕೇಳಬಹುದು, ಜರ್ಮನಿಯಂತೂ ಕೇಳುತ್ತೆ.

ಅಪ್ಪ ಈಗ ಆರಾಮಾಗಿದಾರೆ. ನನ್ನ ಎನ್‌ಆರ್‌ಒ ಖಾತೆ ಎರಡು ತಿಂಗಳಾದ್ಮೇಲೆ ಶುರುವಾಯ್ತು. ರೂಮ್‌ಮೇಟ್‌ಗೆ ಎಂಬತ್ತು ಸಾವಿರ ವಾಪಸ್ ಕೊಟ್ಟ ದಿನ ಅವನೇ ಕೇಳಿದ, "ನಾನೂ ಮಾಡಿಸ್ಬೇಕಲ್ವಾ ಮಾರಾಯ?" ಹೂಂ ಅಂದೆ. "ಆಯ್ತು, ಮುಂದಿನ ಸಲ ಊರಿಗೆ ಹೋದಾಗ" ಅಂದ. ಆಮೇಲೆ ಎರಡು ಸಲ ಪುತ್ತೂರಿಗೆ ಹೋಗಿ ಬಂದಿದಾನೆ. ಹಲಸಿನ ಹಪ್ಪಳ ತಂದಿದ್ದ.