ಬಿಳಿ ಚಹಾದ ಹದ

ಹಳ್ಳಿಖೇಡ (ಬಿ)ಯಲ್ಲಿ ಚಹಾ ಎಂದರೆ ಹಾಲು, ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿದ್ದು. ಬಿಳಿ ಚಹಾಕ್ಕೆ ಇವೆರಡೂ ಬೇಡ. ಸಕ್ಕರೆ ಕಾಯಿಲೆಯವರಿಗೆ ಅದರ ದೊಡ್ಡ ಉಪಕಾರ ಇದೇ ಎಂದು ನನಗನಿಸುತ್ತದೆ. ಈ ಚಹಾಕ್ಕಾಗಿ ನೀಲಗಿರಿಯ ತೋಟಗಳಲ್ಲಿ ಇನ್ನೂ ಬಿರಿಯದ ಕುಡಿಗಳನ್ನು ಕೈಯಿಂದ ಚಿವುಟಿ, ಹೊಸಕದೆ, ಹುರಿಯದೆ, ಬಾಡಿಸಿ ಒಣಗಿಸುತ್ತಾರೆ. ಕುಡಿಯ ಮೇಲಿನ ಬೆಳ್ಳಿಬಣ್ಣದ ನವಿರು ರೋಮ ಹಾಗೇ ಉಳಿಯುತ್ತದೆ. ಕ್ಯಾಟೆಚಿನ್ ಎಂಬ ಚಹಾದ ಸಹಜ ಅಂಶಗಳೂ ಸಾಕಷ್ಟು ಉಳಿಯುತ್ತವೆ. ಕೈ ತಡೆದು ಮಾಡುವ ಈ ಕಸುಬು ನನಗೆ ಬಲು ಇಷ್ಟ. 80 ಡಿಗ್ರಿ ಆಸುಪಾಸಿನ ನೀರಲ್ಲಿ ನಾಲ್ಕೈದು ನಿಮಿಷ ನೆನೆಸಿದರೆ ತಿಳಿ ಹೊಂಬಣ್ಣ, ನಾಲಿಗೆಗೆ ನವಿರಾದ ಸಿಹಿ. ಕ್ಯಾನ್ಸರ್ ತಡೆಯುತ್ತದೆ, ತೂಕ ಇಳಿಸುತ್ತದೆ ಎಂಬ ಮಾತಿಗೆ ಪುರಾವೆ ಸಾಲದು. ಇದರಲ್ಲಿ ಕೆಫೀನೂ ಇದೆ. ರಕ್ತಹೀನತೆ ಇರುವವರು ಊಟದ ಜೊತೆ ಕುಡಿಯದಿರುವುದು ಒಳ್ಳೆಯದು. ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ಚಹಾ ಅಡ್ಡಿಯಾಗುತ್ತದೆ.